ಗೌರತ್ತೆಯ ಮೆಣಸಿನ ಹೂವು

ಬೆಳಿಗ್ಗೆ ತಾರಸಿ ಗುಡಿಸುವಾಗ ಪೊರಕೆಗೆ ಸಿಕ್ಕುವ ಮೆಣಸಿನ ಹೂಗಳನ್ನು ಕಂಡರೆ ಈಗಲೂ ನನ್ನ ಕಣ್ಣು ತುಂಬುತ್ತದೆ. ಹುಣಸೂರಿನ ಈ ಮನೆಯ ಮೇಲೆ ಆರು ಕುಂಡಗಳಲ್ಲಿ ನಾನು ಬೆಳೆಸುವ ಗಿಡಗಳು ಏಪ್ರಿಲ್ ಬಂತೆಂದರೆ ಮೈತುಂಬ ಹೂ ಬಿಟ್ಟು, ಒಂದೂ ಕಾಯಿ ಕಚ್ಚದೆ, ಅಷ್ಟನ್ನೂ ತೊಟ್ಟಿನ ಸಮೇತ ನೆಲಕ್ಕೆ ಚೆಲ್ಲುತ್ತವೆ. ಬಿಸಿ ಸಿಮೆಂಟಿನ ಮೇಲೆ ಬಾಡಿದ ಆ ಪುಟ್ಟ ಬಿಳಿ ಹೂಗಳಿಂದ ಹಸಿ ಎಲೆಯ ಒಗರು ವಾಸನೆ ಬರುತ್ತದೆ. ಮೆಣಸಿನಕಾಯಿಗೆಲ್ಲ ಯಾರಾದರೂ ಅಳುತ್ತಾರಾ ಎಂದು ಮಗಳು ನಗುತ್ತಾಳೆ. ಕಣ್ಣಿಗೆ ಧೂಳು ಬಿತ್ತು ಅಂದುಬಿಡುತ್ತೇನೆ.

ಗಾವಡಗೆರೆಯ ಕಡೆ ಇದ್ದ ನಮ್ಮ ಮನೆಯ ಹಿತ್ತಿಲಲ್ಲಿ, ಕೊಟ್ಟಿಗೆಗೂ ಬಾವಿಗೂ ನಡುವೆ, ಗೌರತ್ತೆಯ ಮೆಣಸಿನ ಪಾತಿಗಳಿದ್ದವು. ಗೌರತ್ತೆ ಅಪ್ಪನ ತಂಗಿ. ಹಂಪಾಪುರದ ಕಡೆಗೆ ಕೊಟ್ಟಿದ್ದರು. ಅಲ್ಲಿ ಎರಡು ವರ್ಷವೂ ಇರಲಾಗದೆ ವಾಪಸು ಬಂದಾಗ ಅವಳ ಕೈಯಲ್ಲಿದ್ದದ್ದು ಒಂದು ಬಟ್ಟೆಗಂಟು ಮತ್ತು ಬೂದಿಯಲ್ಲಿ ಹೊರಳಿಸಿದ ಒಂದು ಹಿಡಿ ಮೆಣಸಿನ ಬೀಜ. ಆ ಕಾಯಿಯ ಒಗ್ಗರಣೆ ಬಿದ್ದರೆ ಬೀದಿಯಲ್ಲಿ ಹೋಗುವವರೂ ಕೆಮ್ಮುತ್ತಿದ್ದರು. ಮನೆಯಲ್ಲಿ ಅಡುಗೆಕೋಣೆ ಅಜ್ಜಿಯದು, ಹೊಗೆಸೊಪ್ಪಿನ ಹೊಲ ಅಪ್ಪ ಅವ್ವನದು. ಅತ್ತೆಯದು ಅಂತ ಇದ್ದದ್ದು ಆ ನಾಲ್ಕು ಪಾತಿ ಮಾತ್ರ. ಅಲ್ಲಿಗೆ ಕಾಲಿಟ್ಟರೆ ಅವಳ ನಡಿಗೆಯೇ ಬದಲಾಗುತ್ತಿತ್ತು, ದನಿ ಏರುತ್ತಿತ್ತು, ನಗುತ್ತಿದ್ದಳು. ನಿಮ್ಮ ಮನೆಯಲ್ಲೂ ಅಂಥ ಒಬ್ಬಳು ಅತ್ತೆ ಇದ್ದಿರಬಹುದು, ಎಲ್ಲರಿಗೂ ಬಡಿಸಿ ಕೊನೆಗೆ ಒಲೆಯ ಪಕ್ಕ ಕೂತು ಉಣ್ಣುತ್ತಿದ್ದವಳು.

ಮೆಣಸಿನ ಹೂವಿಗೆ ಅವಳು ಮಾಡುತ್ತಿದ್ದ ಉಪಚಾರ ಬೇರೆ ಯಾರ ಹಿತ್ತಿಲಲ್ಲೂ ನಾನು ಕಂಡಿಲ್ಲ. ಇಬ್ಬನಿ ಆರಿ ಬಿಸಿಲು ಏರುವ ಮುಂಚಿನ ಹೊತ್ತಿಗೆ, ಒಂದು ಪೊರಕೆಕಡ್ಡಿ ಹಿಡಿದು ಗಿಡದಿಂದ ಗಿಡಕ್ಕೆ ಹೋಗಿ ಹೂವಿನ ಕೆಳಗಿನ ರೆಂಬೆಯನ್ನು ಮೆಲ್ಲಗೆ ತಟ್ಟುತ್ತಿದ್ದಳು. ಏಳನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಒಂದು ಪಾತಿಯನ್ನು ನನಗೇ ಒಪ್ಪಿಸಿದಳು. "ಹೂವ ಮುಟ್ಬ್ಯಾಡ ಕಣ್ ಮಗ, ರೆಂಬೆ ತಟ್ಟು ಸಾಕು. ಪುಡಿ ತಾನೇ ಉದುರಿ ಕಾಯಿ ಕಚ್ತದೆ. ತಟ್ದೋರ್ಗೆ ಮೊದಲ್ನೇ ಕಾಯಿ," ಎಂದಳು. ನನ್ನ ಜಂಬ ಹೇಳತೀರದು. ದಿನಾ ಎದ್ದ ತಕ್ಷಣ ಮುಖವನ್ನೂ ತೊಳೆಯದೆ ಹಿತ್ತಿಲಿಗೆ ಓಡುತ್ತಿದ್ದೆ.

ಆ ರಜೆಯಲ್ಲೇ ನಾನು ದೊಡ್ಡವಳಾದೆ. ನಮ್ಮ ಮನೆಯಲ್ಲಿ ಮುಟ್ಟಾದವರು ಹೊರಗೆ ಕೂರುವ ಪದ್ಧತಿ ಇರಲಿಲ್ಲ. ಲಿಂಗ ಕಟ್ಟಿದವರಿಗೆ ಆ ಮೈಲಿಗೆಯಿಲ್ಲ ಎಂದು ಅಜ್ಜಿಯೇ ಹೇಳುತ್ತಿದ್ದಳು. ಆದರೆ ಮೆಣಸಿನ ಪಾತಿಯ ವಿಷಯಕ್ಕೆ ಬಂದರೆ ಅದೇ ಅಜ್ಜಿ ಬೇರೆ ಕಾನೂನು ಹೇಳುವಳು: ಮುಟ್ಟಾದವರು ಹೊಕ್ಕರೆ ಹೂವು ನಿಲ್ಲುವುದಿಲ್ಲ. ಅದರ ಮೇಲೆ ನನಗಿದು ಮೊದಲ ಸಲ; ಹೇಳಿದರೆ ಶಾಸ್ತ್ರವೆಂದು ನನ್ನನ್ನು ಹಸೆಯ ಮೇಲೆ ಕೂರಿಸಿ, ಆರತಿ ಎತ್ತಿ, ದಿನಗಟ್ಟಲೆ ಕೋಣೆ ಬಿಟ್ಟು ಆಚೆ ಬಿಡುವುದಿಲ್ಲ. ನನ್ನ ಪಾತಿಯಲ್ಲಿ ಆಗಷ್ಟೇ ಮೊಗ್ಗು ಒಡೆಯುತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ. ಹಗ್ಗದ ಮೇಲಿದ್ದ ಅತ್ತೆಯ ಹಳೆಯ ನೂಲಿನ ಸೀರೆಯಿಂದ ಒಂದು ಪಟ್ಟಿ ಹರಿದುಕೊಂಡೆ, ಆಮೇಲೆ ಅದನ್ನು ಕೊಟ್ಟಿಗೆಯ ಸೌದೆಯ ಸಂದಿಗೆ ತುರುಕಿದೆ. ಮತ್ತು ಒಂದು ದಿನವೂ ಬಿಡದೆ ಗಿಡ ತಟ್ಟಿದೆ.

ಒಂದು ವಾರಕ್ಕೆ ಹೂವು ಉದುರಲು ಶುರುವಾಯಿತು. ಮೊದಲು ನನ್ನ ಪಾತಿಯಲ್ಲಿ, ಆಮೇಲೆ ನಾಲ್ಕರಲ್ಲೂ. ನೆಲವೆಲ್ಲ ಮಂಡಕ್ಕಿ ಚೆಲ್ಲಿದ ಹಾಗಿತ್ತು. ಅಜ್ಜಿಯ ಮಾತು ನಿಜ ಎಂದು ಆ ಹಿತ್ತಿಲಲ್ಲಿ ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ಅಷ್ಟರಲ್ಲಿ ಸೌದೆ ಎಳೆಯುವಾಗ ಅಜ್ಜಿಗೆ ಆ ಬಟ್ಟೆ ಸಿಕ್ಕಿತು. ಸೀರೆಯ ಅಂಚು ನೋಡಿದರೆ ಯಾರದೆಂದು ಕೇಳುವ ಹಾಗೇ ಇರಲಿಲ್ಲ.

"ಏನವ್ವ ಗೌರಿ, ಮುಟ್ಟಲ್ಲೇ ಪಾತಿಗ್ ಹೋಗಿದ್ಯಾ? ಗಂಡನ್ ಮನೇಲಿ ಬಾಳ್ನಿಲ್ಲ, ಇಲ್ಲಿ ಗಿಡಾನೂ ಬಾಳುಸ್ನಿಲ್ಲ. ಇನ್ನೊಂದ್ ಸಲ ಅತ್ಲಾಗ್ ಕಾಲಿಕ್ಕುದ್ರೆ ನೋಡು!"

ಅತ್ತೆ ಬಟ್ಟೆಯನ್ನು ನೋಡಿದಳು. ನಾನು ಕಂಬದ ಮರೆಯಲ್ಲಿ ನಿಂತಿದ್ದೆ. ಅವಳು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಕೈಯಲ್ಲಿದ್ದ ಪೊರಕೆಕಡ್ಡಿಯನ್ನು ಸೂರಿಗೆ ಸಿಕ್ಕಿಸಿ ಒಳಗೆ ಹೋಗಿ ರಾಗಿ ಬೀಸಲು ಕೂತಳು. ಅವಳು ಇಲ್ಲ ಎನ್ನದಿದ್ದುದನ್ನೇ ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಪ್ರಾಯಶಃ ಅವಳೂ ಹೋಗಿರಬೇಕು, ತಪ್ಪು ಇಬ್ಬರದೂ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡು ಉಂಡೆ, ಮಲಗಿದೆ.

ಹದಿನೈದು ದಿನ ಅತ್ತೆ ಪಾತಿಯ ಕಡೆ ಹೋಗಲಿಲ್ಲ. ಅಷ್ಟರಲ್ಲಿ ನಾಗರಹೊಳೆಯ ಕಡೆಯಿಂದ ಮೋಡ ಎದ್ದು ಮೂರು ದಿನ ಮಳೆ ಹೊಡೆಯಿತು. ಧಗೆ ಇಳಿಯಿತು. ಹೊಸ ಹೂವು ಬಿಟ್ಟಿತು, ಉದುರಲಿಲ್ಲ, ತೊಟ್ಟಿನ ಬುಡದಲ್ಲಿ ಹಸಿರು ಮೊನೆಗಳು ಕಾಣಿಸಿಕೊಂಡವು. "ನೋಡುದ್ರಾ, ನಾನೇನ್ ಏಳ್ದೆ!" ಎಂದು ಅಜ್ಜಿ ಬೀದಿಗೆಲ್ಲ ಕೇಳುವಂತೆ ಹೇಳಿದಳು. ಮೊದಲ ಕಾಯಿಯನ್ನು ಕಿತ್ತು ನನ್ನ ಕೈಗೇ ಕೊಟ್ಟಳು. ಅತ್ತೆ ಕೊಟ್ಟಿಗೆಯ ಬಾಗಿಲಲ್ಲಿ ಸಗಣಿ ಮಂಕರಿ ಹಿಡಿದು ನಿಂತಿದ್ದಳು. ನಾನು ಕಚ್ಚಿದೆ. ಖಾರಕ್ಕೆ ಕಣ್ಣಲ್ಲಿ ನೀರು ಸುರಿಯಿತು, ಎಲ್ಲರೂ ನಕ್ಕರು, ನನ್ನ ಅಳುವಿಗೆ ಒಳ್ಳೆಯ ನೆಪ ಸಿಕ್ಕಿತು.

ಎರಡು ತಿಂಗಳ ಮೇಲೆ ನಾನು ಎಲ್ಲರ ಕಣ್ಣಿಗೆ ಹೊಸದಾಗಿ ದೊಡ್ಡವಳಾದಾಗ ಎಳ್ಳು ಬೆಲ್ಲ ಹಾಕಿ ಚಿಗಳಿ ಕುಟ್ಟಿದವಳು ಗೌರತ್ತೆ. ಆರತಿಗೆ ಮಾತ್ರ ಅವಳನ್ನು ಯಾರೂ ಕರೆಯಲಿಲ್ಲ. ಮುಂದೆ ಅಜ್ಜಿಯ ಕಾಲವಾದ ಮೇಲೆ, ಬಾ ಎಂದು ಅವ್ವ ಎಷ್ಟು ಕರೆದರೂ ಅತ್ತೆ ಮೆಣಸಿನ ಪಾತಿಗೆ ಕಾಲಿಡಲಿಲ್ಲ. ಈಗ ಆ ಮನೆಯೇ ಇಲ್ಲ. ಬಾವಿ ಮುಚ್ಚಿ, ಹಿತ್ತಿಲಿದ್ದ ಜಾಗದಲ್ಲಿ ಯಾರೋ ಗೊಬ್ಬರದ ಗೋದಾಮು ಕಟ್ಟಿದ್ದಾರೆ.

ಕೆಲವು ವರ್ಷಗಳ ಹಿಂದೆ, ಈ ಕುಂಡದ ಗಿಡಗಳು ಹೂ ಉದುರಿಸುತ್ತಿವೆಯೆಂದು ಸಸಿ ಮಾರುವವರನ್ನು ಕೇಳಿದಾಗ ಅವರು ಸಲೀಸಾಗಿ ಹೇಳಿದರು: ಧಗೆ ಮಿತಿಮೀರಿದರೆ ಹೂವಿನ ಪುಡಿ ಸತ್ತುಹೋಗುತ್ತದೆ, ಎಷ್ಟು ತಟ್ಟಿದರೂ ಕಚ್ಚುವುದಿಲ್ಲ, ಮಳೆ ಬೀಳಲಿ. ಅಂಗಡಿಯ ಮುಂದೆಯೇ ನನಗೆ ಆ ಹಿತ್ತಿಲು, ಆ ಮೂರು ದಿನದ ಮಳೆ ನೆನಪಾಯಿತು. ಆಗ ಅತ್ತೆ ನನ್ನ ಅಣ್ಣನ ಮನೆಯಲ್ಲಿದ್ದಳು. ಆ ವರ್ಷದ ಅವರೆಕಾಯಿ ಕಾಲದಲ್ಲಿ, ಅಲ್ಲಿಯ ಜಗಲಿಯಲ್ಲಿ ಅವರೆ ಬಿಡಿಸುತ್ತಿದ್ದ ಅತ್ತೆಯ ಪಕ್ಕ ಕೂತು ಸಸಿ ಮಾರುವವರ ಮಾತನ್ನು ವಿವರಿಸಿದೆ. "ಅದು ಬಿಸ್ಲಿಗೆ ಉದುರಿದ್ದು ಕಣತ್ತೆ, ಯಾರೋ ಮುಟ್ಟಿದ್ದಕ್ಕಲ್ಲ." ಇಷ್ಟನ್ನೇ ಹೇಳಿದೆ. ಬಟ್ಟೆಯ ವಿಷಯ ಎತ್ತಲಿಲ್ಲ.

ಅವಳು ಕಾಳನ್ನು ಮೊರಕ್ಕೆ ಹಾಕಿ ಇನ್ನೊಂದು ಕಾಯಿ ಎತ್ತಿಕೊಂಡಳು.

"ಅಂಗಾರೆ ನಿಂದೂ ತಪ್ಪಿರ್ನಿಲ್ಲ ಬುಡು ಮಗ. ಇನ್ನ ಅದ್ನ ಮನ್ಸಲ್ಲಿಟ್ಕಬ್ಯಾಡ."

ನನ್ನ ತಪ್ಪು ಹೂವಿನದಲ್ಲ ಅತ್ತೆ, ಕಂಬದ ಮರೆಯಲ್ಲಿ ಸುಮ್ಮನೆ ನಿಂತದ್ದು ಎಂದು ಆಗಲಾದರೂ ಹೇಳಬಹುದಿತ್ತು. ತಲೆ ತಗ್ಗಿಸಿ ಅವರೆ ಬಿಡಿಸಿದೆ. ಮುಂದಿನ ಬೇಸಿಗೆಗೆ ಅತ್ತೆ ಇರಲಿಲ್ಲ.

ಈಗ ಗಿಡ ತಟ್ಟಲು ಮಗಳನ್ನೇ, ಅವಳ ತಿಂಗಳ ದಿನಗಳಲ್ಲೂ, ತಾರಸಿಗೆ ಕಳಿಸುತ್ತೇನೆ. ಮೊನ್ನೆಯ ಮಳೆಗೆ ಆರು ಕುಂಡಗಳಲ್ಲೂ ಕಾಯಿ ಕಚ್ಚಿದೆ. ಮೊದಲನೆಯದು ಯಾರಿಗಮ್ಮ ಎಂದು ಕೇಳಿದಳು. ತಟ್ಟಿದವರಿಗೆ ಎಂದೆ. ಅದನ್ನು ಯಾರು ಹೇಳಿಕೊಟ್ಟರು ಎಂದಾಗ ಪೊರಕೆ ಎತ್ತಿಕೊಂಡು ಕೆಳಗಿಳಿದೆ.