ನನ್ನ ಹೊಟ್ಟೆಯೂ ಅತ್ತಿಗೆಯ ಮುದ್ದೆಯೂ

ನನ್ನ ಹೊಟ್ಟೆ ಒಂದು ದಿನದಲ್ಲಿ ಬಂದದ್ದಲ್ಲ. ಹುಣಸೂರಿನ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿ ಇಪ್ಪತ್ತು ವರ್ಷಕ್ಕೂ ಮೇಲೆ ಕುರ್ಚಿ ಸವೆಸಿದ್ದೇನೆ. ಬೆಳಿಗ್ಗೆ ರಾವಂದೂರು ಕಡೆಯ ನಮ್ಮೂರಿನಿಂದ ಬಸ್ಸಿನಲ್ಲಿ ಕೂತು ಹೋಗುವುದು, ಸಂಜೆಯವರೆಗೆ ಆಫೀಸಿನಲ್ಲಿ ಕೂರುವುದು, ಮತ್ತೆ ಬಸ್ಸಿನಲ್ಲಿ ಕೂತು ಬರುವುದು. ದಿನವಿಡೀ ನಾನು ಮಾಡುತ್ತಿದ್ದ ಮೈಮುರಿಯುವ ಕೆಲಸವೆಂದರೆ ಬಸ್ಸಿನ ಮೆಟ್ಟಿಲು ಹತ್ತುವುದು. ಊಟ ಮಾತ್ರ ಹೊಲದಲ್ಲಿ ಗೇಯುವ ಅಣ್ಣನ ಸರಿಸಮ. ಅವನಿಗೆ ಎರಡು ಮುದ್ದೆ ಅಂದರೆ ನನಗೂ ಎರಡು. ಅವನು ಉಂಡದ್ದು ಹೊಗೆಸೊಪ್ಪಿನ ಸಾಲುಗಳಲ್ಲಿ ಬೆವರಾಗಿ ಹೋಗುತ್ತಿತ್ತು. ನಾನು ಉಂಡದ್ದು ಎಲ್ಲಿಗೂ ಹೋಗದೆ ಅಂಗಿಯ ಗುಂಡಿಗಳ ಹಿಂದೆಯೇ ಬೀಡುಬಿಟ್ಟಿತು.

ಬಹಳ ವರ್ಷ ನಾನು ಅದನ್ನು ದೊಡ್ಡಸ್ತಿಕೆಯ ಗುರುತು ಅಂದುಕೊಂಡಿದ್ದೆ. ಮದುವೆಮನೆಗಳಲ್ಲಿ ಮುಂದಿನ ಸಾಲಿನ ಕುರ್ಚಿ ಸಿಗುತ್ತಿತ್ತು. ಎರಡು ವರ್ಷದ ಹಿಂದೆ ಹುಣಸೂರಿನ ಡಾಕ್ಟರೊಬ್ಬರು ನನ್ನ ಸುತ್ತ ಟೇಪು ಹಿಡಿದು, ರಕ್ತದ ರಿಪೋರ್ಟು ನೋಡಿ, "ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತಿದೆ. ಹೊಟ್ಟೆ ಇಳಿಸಿದರೆ ವಾಪಸ್ ಹೋಗುತ್ತೆ, ಇಳಿಸದಿದ್ದರೆ ಒಳಗೆ ಬರುತ್ತೆ" ಅಂದರು. ನಮ್ಮಪ್ಪ ಅದೇ ಕಾಯಿಲೆಯಲ್ಲಿ ಮೊದಲು ಕಾಲಿನ ಬೆರಳು, ಆಮೇಲೆ ಪಾದ ಕಳೆದುಕೊಂಡಿದ್ದ. ಅವನನ್ನು ಎತ್ತಿ ಜಗಲಿಯ ಮೇಲೆ ಕೂರಿಸುತ್ತಿದ್ದವನು ನಾನು. ಡಾಕ್ಟರ ಎದುರು ನಗುನಗುತ್ತಾ ತಲೆಯಾಡಿಸಿ ಬಂದೆ, ಆದರೆ ಬಸ್ಸಿನಲ್ಲಿ ನನ್ನ ಪಾದಗಳನ್ನೇ ನೋಡಿಕೊಂಡು ಕೂತಿದ್ದೆ. ನೋಡಲು ಮುಂದಕ್ಕೆ ಬಾಗಬೇಕಾಯಿತು, ಅದು ಬೇರೆ ಮಾತು.

ಆಮೇಲೆ ಶುರುವಾಯಿತು ನನ್ನ ಪಡಿಪಾಟಲು. ಬರಿ ಹೊಟ್ಟೆಗೆ ಜೀರಿಗೆ ನೀರು ಕುಡಿದೆ. ಹುರುಳಿಕಟ್ಟಿನ ಸಾರು ಕುಡಿದೆ. ಯಾರದೋ ಮಾತು ಕೇಳಿ ಮೈಸೂರಿನಿಂದ ಸೊಂಟಕ್ಕೆ ಬಿಗಿಯುವ ಬೆಲ್ಟು ತಂದು, ಅದನ್ನು ಕಟ್ಟಿಕೊಂಡು ಆಫೀಸಿನಲ್ಲಿ ಕೂತು, ಉಸಿರು ಸಿಗದೆ ಮಧ್ಯಾಹ್ನಕ್ಕೆ ಬಿಚ್ಚಿ ಬೀರುವಿನಲ್ಲಿಟ್ಟೆ. ಮಗಳು ಫೋನಿನಲ್ಲಿ ತೋರಿಸಿದಂತೆ ಮೊಣಕೈ ಊರಿ ಹಲಗೆಯ ಹಾಗೆ ಮಲಗಲು ಹೋದರೆ, ನನ್ನ ಮೈಯೆಲ್ಲ ಮೇಲಿದ್ದರೂ ಹೊಟ್ಟೆ ಮಾತ್ರ ನೆಲದ ಮೇಲೇ ಇತ್ತು. ಮಗಳು ಬಿದ್ದು ಬಿದ್ದು ನಕ್ಕಳು. ಕೆನ್ನೆ ಇಳಿಯಿತು, ಕೊರಳು ಸಣ್ಣಗಾಯಿತು, ಹೊಟ್ಟೆ ಒಂದು ಬೆರಳಿನಷ್ಟೂ ಜಗ್ಗಲಿಲ್ಲ.

ಊಟ ಕಡಿಮೆ ಮಾಡಿದರೆ ಆಗುತ್ತಿತ್ತಲ್ಲ ಅಂತ ನೀವು ಕೇಳಬಹುದು. ನಮ್ಮ ಮನೆಯಲ್ಲಿ ಅದು ಅಷ್ಟು ಸುಲಭವಲ್ಲ. ಅಣ್ಣ ಅತ್ತಿಗೆ, ನಾನು ನನ್ನ ಹೆಂಡತಿ, ನನ್ನ ಮಗಳು ಒಂದೇ ಮನೆಯಲ್ಲಿದ್ದೇವೆ. ಅಣ್ಣನ ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋದರು. ಸಾರು, ಪಲ್ಯ ನನ್ನ ಹೆಂಡತಿಯದು. ಮುದ್ದೆ ಮಾತ್ರ ಅತ್ತಿಗೆಯದೇ. ಅವ್ವ ತೀರಿಕೊಂಡ ವರ್ಷ, ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಅತ್ತಿಗೆ ಈ ಮನೆಗೆ ಬಂದರು. ಅಂದಿನಿಂದ ನಮ್ಮ ಮನೆಯ ಹಿಟ್ಟಿನ ಕೋಲು ಅವರ ಕೈ ಬಿಟ್ಟಿಲ್ಲ. ಅವರು ಕಟ್ಟಿ ಹಲಗೆಯ ಮೇಲಿಟ್ಟ ಮುದ್ದೆಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಕಾಳಿನಷ್ಟು ವ್ಯತ್ಯಾಸ ಇರುವುದಿಲ್ಲ. ಅಣ್ಣನಿಗೆ ಎರಡು, ನನಗೆ ಎರಡು, ನನ್ನ ಹೆಂಡತಿಗೆ ಒಂದು, ಮಗಳಿಗೆ ಒಂದು, ಎಲ್ಲರದೂ ಆದ ಮೇಲೆ ಅತ್ತಿಗೆಗೆ ಒಂದು. ಯಾರೂ ಎಣಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ನಮ್ಮ ಕಡೆ ಗಂಡಸು ಮುದ್ದೆ ಬಿಟ್ಟು ಎದ್ದ ಅಂದರೆ ಒಂದೋ ಮೈಯಲ್ಲಿ ಹುಷಾರಿಲ್ಲ, ಇಲ್ಲವೇ ಮನಸ್ಸಿನಲ್ಲಿ ಏನೋ ಇದೆ. ನಾನು ಒಂದು ಮುದ್ದೆ ಉಂಡು "ಸಾಕು" ಅಂತ ಎದ್ದ ಮೊದಲ ದಿನ ಅತ್ತಿಗೆ ಹಣೆ ಮುಟ್ಟಿ ನೋಡಿದರು. ಎರಡನೇ ದಿನ ಅಣ್ಣ ನನ್ನ ಮುಖ ನೋಡಿದ. ಮೂರನೇ ದಿನ ಅತ್ತಿಗೆ ನನ್ನ ಹೆಂಡತಿಯನ್ನು ಹಿತ್ತಲಿಗೆ ಕರೆದು, "ಯಾಕವ್ವ, ಯಾರಾದ್ರೂ ಏನಾದ್ರೂ ಅಂದ್ರಾ?" ಅಂತ ಕೇಳಿದರಂತೆ. ಈ ತಾಪತ್ರಯವೇ ಬೇಡವೆಂದು ನಾವು ಒಂದು ಉಪಾಯ ಹೂಡಿದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ. ಹೆಂಡತಿ ಒಂದು ಕರೆಂಟ್ ಒಲೆ ತಂದು ನಮ್ಮ ಕೋಣೆಯಲ್ಲಿ ಇಟ್ಟಳು. ಸಂಜೆ ನನಗೆ ಅದರ ಮೇಲೆ ಓಟ್ಸು, ಬೇಯಿಸಿದ ತರಕಾರಿ. ಅತ್ತಿಗೆಗೆ ತೊಂದರೆ ಕೊಡುವುದು ಬೇಡ ಎನ್ನುವುದಷ್ಟೇ ನಮ್ಮ ಮನಸ್ಸಿನಲ್ಲಿದ್ದದ್ದು. ಒಂದು ಮನೆಯಲ್ಲಿ ಎರಡನೇ ಒಲೆ ಹಚ್ಚಿದರೆ ನಮ್ಮೂರಿನಲ್ಲಿ ಅದಕ್ಕೆ ಏನರ್ಥ ಎನ್ನುವುದು, ಅದೇ ಊರಿನಲ್ಲಿ ಹುಟ್ಟಿ ಬೆಳೆದ ನನಗೆ ಹೊಳೆಯಲೇ ಇಲ್ಲ. ಹೊಟ್ಟೆಯ ಚಿಂತೆ ಬುದ್ಧಿಯನ್ನೂ ತಿಂದಿತ್ತು.

ಒಂದು ವಾರ ಕಳೆಯಿತು. ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಪೇಪರ್ ಓದುತ್ತಿದ್ದೆ. ಅಣ್ಣ ಬಂದು ಪಕ್ಕದಲ್ಲಿ ಕೂತ. ಕೈಯಲ್ಲಿ ಜಮೀನಿನ ಪಹಣಿ ಇತ್ತು. ಅದನ್ನು ನನ್ನ ಪೇಪರಿನ ಮೇಲೆ ಹರಡಿದ.

"ರೋಡ್ ಕಡೇದು ನೀನು ತಕೋ" ಅಂದ. "ನಂಗೆ ಕೆರೆ ಕಡೇದು ಸಾಕು. ಬ್ಯಾರನ್ ಒಂದು ಇಬ್ರಿಗೂ ಇರ್ಲಿ ಕಣ್ಲಾ. ಅದ್ನ ಒಡ್ದು ಹಂಚ್ಕೊಳ್ಳಕ್ಕಾಯ್ತದಾ?"

ಹೊಗೆಸೊಪ್ಪು ಬೇಯಿಸುವ ಆ ಬ್ಯಾರನ್ ಮನೆಯನ್ನು ಅಪ್ಪನ ಕಾಲದಲ್ಲಿ ಇಬ್ಬರೂ ಮಣ್ಣು ಹೊತ್ತು ಕಟ್ಟಿದ್ದೆವು. ರಸ್ತೆ ಕಡೆಯ ಜಮೀನು ಯಾವತ್ತಿದ್ದರೂ ಹೆಚ್ಚಿನದು. ಅದನ್ನು ಜಗಳವಿಲ್ಲದೆ, ಕೇಳುವ ಮೊದಲೇ ನನ್ನ ಮುಂದಿಟ್ಟಿದ್ದ. ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಕೂಡಲೇ ಗಾಬರಿಯಲ್ಲಿ ಅಂಗಿ ಎತ್ತಿ ಹೊಟ್ಟೆ ತೋರಿಸಿದೆ.

"ಪಾಲೂ ಬ್ಯಾಡ ಗೀಲೂ ಬ್ಯಾಡ ಕಣಣ್ಣ! ಇದ್ನ ಕರುಗ್ಸಕ್ಕೆ ಆ ಒಲೆ! ಡಾಕ್ಟ್ರು ಹೇಳವ್ರೆ, ಅಪ್ಪುಂಗೆ ಬಂದಿದ್ದೇ ನಂಗೂ ಬರಾದ್ರಲ್ಲಿ ಅದೆ."

ಅಣ್ಣ ನಗಲಿಲ್ಲ. ಅಪ್ಪನ ಹೆಸರು ಬಂದದ್ದೇ ತಡ ಮುಖ ಸಣ್ಣದು ಮಾಡಿಕೊಂಡ. ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಅವರು ಇಡೀ ವಾರ ಅತ್ತಿರಬೇಕು, ಕಣ್ಣು ಹಾಗಿತ್ತು.

"ನಾನ್ ಮಾಡೋದ್ರಲ್ಲಿ ಏನ್ ಕಮ್ಮಿ ಮಾಡ್ಬೇಕು ಅಂತ ಒಂದ್ ಮಾತ್ ಹೇಳಿದ್ರೆ ಆಗ್ತಿರ್ಲಿಲ್ವೇನಪ್ಪ?" ಅಂದರು. ಅಷ್ಟೇ ಅಂದು ಒಳಗೆ ಹೋದರು.

ಅವತ್ತೇ ಕರೆಂಟ್ ಒಲೆಯನ್ನು ಅಟ್ಟಕ್ಕೆ ಸೇರಿಸಿದೆ. ಹೊಟ್ಟೆ ಇದ್ದರೆ ಇರಲಿ, ಮನೆ ಒಡೆಯುವುದು ಬೇಡ ಅನ್ನಿಸಿಬಿಟ್ಟಿತ್ತು. ಆ ಸಂಜೆ ಅತ್ತಿಗೆ ಬಡಿಸಿದ ಎರಡು ಮುದ್ದೆಯನ್ನೂ ಬೇಕೆಂದೇ ಎಲ್ಲರಿಗೂ ಕಾಣುವಂತೆ ಉಂಡೆ. ಕಾಯಿಲೆಯ ಹೆದರಿಕೆ ಮಾತ್ರ ಹೋಗಲಿಲ್ಲ. ಅದಕ್ಕೆ ಮಾರನೆಯ ದಿನದಿಂದ ಸಂಜೆ ಒಂದು ಸ್ಟಾಪ್ ಮುಂಚೆಯೇ ಬಸ್ ಇಳಿದು ನಡೆದು ಬರತೊಡಗಿದೆ. ಹೊಗೆಸೊಪ್ಪಿನ ನಾಟಿ ಮುಗಿದು ಮಳೆಗಾಲ ಹಿಡಿದಿತ್ತು. ಮಳೆಯಿರಲಿ ಕೆಸರಿರಲಿ, ಚಪ್ಪಲಿ ಕೈಯಲ್ಲಿ ಹಿಡಿದಾದರೂ ನಡೆದೆ.

ಗಿಡದಿಂದ ಸೊಪ್ಪು ಮುರಿದು ಬೇಯಿಸಿ, ಬ್ಯಾರನ್ ಬೆಂಕಿ ಆರುವ ಹೊತ್ತಿಗೆ ನನ್ನ ಪ್ಯಾಂಟು ಜಾರತೊಡಗಿತು. ನಾನು ನಂಬಲಿಲ್ಲ. ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದೆ, ಆಮೇಲೆ ಇನ್ನೊಂದು. ಡಾಕ್ಟರು ಮತ್ತೆ ಟೇಪು ಹಿಡಿದರು, ರಕ್ತ ನೋಡಿದರು, ನನ್ನ ಬೆನ್ನು ತಟ್ಟಿದರು.

"ಊಟದಲ್ಲಿ ಏನು ಬದಲಾವಣೆ ಮಾಡಿದಿರಿ?"

"ಏನೂ ಇಲ್ಲ ಸಾರ್. ಎರಡು ಮುದ್ದೆ ಅಂದ್ರೆ ಎರಡು ಮುದ್ದೆ. ಬರೀ ನಡಿಗೆ."

ಅವರು ಹುಬ್ಬೇರಿಸಿದರು. ನಾನು ಬೀಗಿದೆ. ಕಾಲೇಜಿನ ಆಫೀಸಿನಲ್ಲಿ ನನ್ನ ಉಪದೇಶ ಕೇಳದವರು ಯಾರೂ ಉಳಿಯಲಿಲ್ಲ. ಊಟ ಬಿಡುವುದು ಅಪ್ರಯೋಜಕರ ಕೆಲಸ, ಛಲ ಇದ್ದವನು ನಡೆಯುತ್ತಾನೆ ಅಂತೆಲ್ಲ ಹೇಳಿದೆ. ಹೊಕ್ಕುಳ ಕೆಳಗೆ ಒಂದು ಹಿಡಿಯಷ್ಟು ಉಳಿದು ಏನು ಮಾಡಿದರೂ ಹೋಗದೆ ಕೂತಿತ್ತು, ಅದರ ವಿಷಯ ಮಾತ್ರ ಎತ್ತುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಒಂದು ಭಾನುವಾರ ಎಚ್.ಡಿ. ಕೋಟೆ ಕಡೆಗೆ ಕೊಟ್ಟಿರುವ ಅಣ್ಣನ ಹಿರಿಮಗಳ ಮನೆಗೆ ಹೋಗಿದ್ದೆ. ಅವರೆಕಾಳಿನ ಕಾಲ. ಮಧ್ಯಾಹ್ನ ಅವಳೇ ಮುದ್ದೆ ಕಟ್ಟಿ, ಹಿತಕವರೆಯ ಸಾರು ಹಾಕಿ ತಟ್ಟೆ ಮುಂದಿಟ್ಟಳು. ನನಗೆ ತಟ್ಟೆಯಲ್ಲಿ ತೆಂಗಿನಕಾಯಿ ಕಂಡಂತಾಯಿತು. ಅರ್ಧ ಉಣ್ಣುವಷ್ಟರಲ್ಲಿ ಹೊಟ್ಟೆ ತುಂಬಿತು. ಉಳಿದದ್ದನ್ನು ಮರ್ಯಾದೆಗೆ ನುಂಗಿದೆ. ಅವಳು ಎರಡನೆಯದನ್ನು ಹಿಡಿದು ಬಂದಾಗ ಕೈ ಅಡ್ಡ ಇಟ್ಟೆ.

"ನಿಮ್ ಕಡೆ ಇಷ್ಟು ದಪ್ಪ ಕಟ್ತೀರೇನವ್ವ?"

ಅವಳಿಗೆ ಆಶ್ಚರ್ಯವಾಯಿತು. "ನಮ್ ಕಡೇದೇನ್ ಬಂತು ಚಿಕ್ಕಪ್ಪ? ಅವ್ವನ್ ಕೈ ಅಳತೆ ಇದು. ಅವ್ವ ಕಲ್ಸಿದ್ದು, ಅಷ್ಟೇ ಕಟ್ತೀನಿ. ನೀವು ಚಿಕ್ಕಂದಿಂದ ಉಂಡಿರೋದೂ ಇದೇ ಅಲ್ವಾ?"

ನಾನು ಕೈ ತೊಳೆದು ಎದ್ದೆ. ವಾಪಸ್ ಬರುವ ಬಸ್ಸಿನಲ್ಲಿ ಅದೊಂದೇ ಯೋಚನೆ. ಸಂಜೆ ಮನೆಗೆ ಬಂದವನು ಕೈಕಾಲು ಕೂಡ ತೊಳೆಯದೆ ನೇರ ಅಡುಗೆಮನೆಗೆ ಹೋದೆ. ಹಲಗೆಯ ಮೇಲೆ ಏಳು ಮುದ್ದೆ ಹಬೆಯಾಡುತ್ತಿದ್ದವು. ಒಂದೊಂದೂ ಮೂಸಂಬಿಯಷ್ಟಿತ್ತು. ಎಲ್ಲವೂ ಒಂದೇ ಅಳತೆ. ನನ್ನೊಬ್ಬನದನ್ನು ಚಿಕ್ಕದು ಮಾಡಿದ್ದರೆ ನನಗೆ ತಿಳಿಯುತ್ತಿತ್ತು. ಅದಕ್ಕೆ ಅತ್ತಿಗೆ ಎಲ್ಲರದನ್ನೂ ಚಿಕ್ಕದು ಮಾಡಿದ್ದರು, ದಿನಕ್ಕೆ ಇಷ್ಟಿಷ್ಟೇ, ತಿಂಗಳುಗಟ್ಟಲೆ.

ಆಮೇಲೆ ನಾನು ಅತ್ತಿಗೆಯನ್ನು ನೋಡಿದೆ. ದಿನಾ ಕಾಣುವ ಮುಖವನ್ನು ನಾವು ಎಲ್ಲಿ ನೋಡುತ್ತೇವೆ? ಬಳೆಗಳು ಮೊಣಕೈವರೆಗೂ ಜಾರಿದ್ದವು. ರವಿಕೆಯ ತೋಳು ಜೋಲುತ್ತಿತ್ತು. ಅವರದು ಯಾವತ್ತೂ ಒಂದೇ ಮುದ್ದೆ. ಆ ಒಂದೂ ಆರು ತಿಂಗಳಿಂದ ಸವೆಯುತ್ತಾ ಬಂದು ಮೂಸಂಬಿಯಷ್ಟಾಗಿತ್ತು. ಕೊಬ್ಬು ನನ್ನದು, ಕರಗಿದ್ದು ಅವರು.

"ಅತ್ಗೆ, ಯಾಕ್ ಹಿಂಗ್ ಮಾಡುದ್ರಿ?" ಅಂದೆ.

ಅವರು ಹಲಗೆ ನೋಡಿದರು, ನನ್ನ ಮುಖ ನೋಡಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಸೆರಗಿಗೆ ಕೈ ಒರೆಸಿಕೊಂಡರು.

"ನಿನ್ ಹೊಟ್ಟೆ ಕರಗ್ಬೇಕಾಗಿತ್ತು, ಒಲೆ ಒಂದೇ ಇರ್ಬೇಕಾಗಿತ್ತು. ನಂಗೆ ತೋಚಿದ್ದು ಇದೊಂದೇ ಕಣಪ್ಪ."

"ಬೇರೆಯವ್ರು ಹಸ್ಕೊಂಡ್ರಲ್ಲ?"

ಹಿಂದಿನಿಂದ ಅಣ್ಣ ಅಂದ: "ನಾನು ಹೊಲಕ್ಕೆ ಕಡ್ಲೆಕಾಯಿ ಬೆಲ್ಲ ಕಟ್ಕೊಂಡ್ ಹೋಯ್ತಿದ್ದೆ ಬುಡು. ನಿಂಗೆ ಹೇಳ್ಬ್ಯಾಡಿ ಅಂದಿದ್ಲು."

ಹೆಂಡತಿ ಸಾರಿನ ಪಾತ್ರೆಯಲ್ಲಿ ಮುಖ ಹುದುಗಿಸಿ ನಿಂತಿದ್ದಳು. ಮಗಳು ನೆಲ ನೋಡುತ್ತಿದ್ದಳು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬನನ್ನು ಬಿಟ್ಟು. ನನ್ನ ಹೊಟ್ಟೆಗಾಗಿ ನಾಲ್ಕು ಜನ ಅರೆಹೊಟ್ಟೆ ಉಂಡು ಸುಮ್ಮನಿದ್ದರು, ನಾನು ಊರ ತುಂಬ ನನ್ನ ಛಲದ ಕತೆ ಹೇಳಿಕೊಂಡು ತಿರುಗಿದ್ದೆ. ನಾನು ಅಲ್ಲೇ ಒಲೆಯ ಮುಂದೆ ಕುಕ್ಕರಿಸಿ ಕೂತುಬಿಟ್ಟೆ. ಅವ್ವ ಹೋದ ಮೇಲೆ ನಾನು ಯಾರ ಮುಂದೆಯೂ ಅತ್ತವನಲ್ಲ. ಅವತ್ತು ಅತ್ತುಬಿಟ್ಟೆ. ಅತ್ತಿಗೆಯ ಋಣ ದೊಡ್ಡದೆಂದು ಗೊತ್ತಿತ್ತು, ಎಷ್ಟು ದೊಡ್ಡದೆಂದು ಅವತ್ತು ತಿಳಿಯಿತು. ಅದನ್ನು ತೀರಿಸುವ ಆಸೆಯೂ ನನಗಿಲ್ಲ, ಇಂಥವರ ಋಣದಲ್ಲಿ ಇರುವುದೇ ನನ್ನ ಪುಣ್ಯ.

"ನಾಳೆಯಿಂದ ಮೊದಲಿನಂಗೆ ಕಟ್ಟಿ" ಅಂದೆ. "ನಂಗೆ ಒಂದು ಸಾಕು. ಒಂದು ಉಂಡು ಎದ್ರೆ ಮುನಿಸು ಅಂತ ತಿಳ್ಕೊಬ್ಯಾಡಿ."

ಮಾರನೆಯ ಸಂಜೆ ಹಲಗೆಯ ಮೇಲೆ ಹಳೆಯ ಅಳತೆಯ ಮುದ್ದೆಗಳು ಬಂದವು. ಅಣ್ಣ ಎರಡನ್ನೂ ತಲೆ ಎತ್ತದೆ ಉಂಡ. ನಾನು ಒಂದು ಉಂಡು ಕೈ ತೆಗೆದೆ.

"ಸಾಕಾ?" ಅಂದ ಅಣ್ಣ.

"ಸಾಕು."

ಅವನು ಸಾರು ಸುರಿದುಕೊಂಡು ಹೊಗೆಸೊಪ್ಪಿನ ಬೆಲೆಯ ಮಾತು ಎತ್ತಿದ. ಯಾರೂ ನನ್ನ ಹಣೆ ಮುಟ್ಟಲಿಲ್ಲ, ಮುಖ ನೋಡಲಿಲ್ಲ. ಅಷ್ಟು ವರ್ಷದ ಅಭ್ಯಾಸಕ್ಕೆ ಅತ್ತಿಗೆ ಅವತ್ತೂ ಏಳೇ ಕಟ್ಟಿದ್ದರು, ನನ್ನ ಎರಡನೆಯದು ಹಲಗೆಯ ಮೇಲೆ ಉಳಿದಿತ್ತು. ಅವರು ಅದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎತ್ತಿ ತಮ್ಮ ತಟ್ಟೆಯಲ್ಲಿ, ತಮ್ಮದರ ಪಕ್ಕದಲ್ಲಿ ಇಟ್ಟುಕೊಂಡು, ಎರಡನ್ನೂ ನಿಧಾನವಾಗಿ ಉಂಡರು.