ಮಗುವಿನ ನೆಗಡಿ, ನನ್ನ ಉಬ್ಬಸ

ನಾನು ಅಣಕಿಸದ ಮನುಷ್ಯರೇ ಇಲ್ಲ. ಅಪ್ಪನ ಕೆಮ್ಮು, ಬಾಶೆಟ್ಟಿಹಳ್ಳಿ ಕಾರ್ಖಾನೆಯ ನಮ್ಮ ಸೂಪರ್‌ವೈಸರ್ ಬೈಯುವ ಮುಂಚೆ ಮೂಗು ಏರಿಸುವುದು, ನಾನೇ ಇನ್‌ಹೇಲರ್ ಎಳೆದುಕೊಂಡು ಮೇಲೆ ನೋಡುತ್ತ ನಿಲ್ಲುವುದು, ಯಾವುದನ್ನೂ ಬಿಟ್ಟಿಲ್ಲ. ತೆವಳಲು ಕಲಿಯುವ ಮುಂಚೆಯೇ ನನಗೊಂದು ನೆಗಡಿ ಎದೆಗಿಳಿದು ಆಸ್ಪತ್ರೆ ಸೇರಿದ್ದೆನಂತೆ. ಅಲ್ಲಿಂದ ಈಚೆಗೆ ಧೂಳು, ಚಳಿ, ಒಗ್ಗರಣೆ ಯಾವುದಾದರೂ ಸಾಕು, ಎದೆ ಸಿಳ್ಳೆ ಹಾಕುತ್ತದೆ. ಬಸ್ಸಿನಲ್ಲಿ ಯಾರಾದರೂ ತಿರುಗಿ ನೋಡಿದರೆ, "ಕಂಡಕ್ಟರ್ ಅಲ್ಲ ಗುರು, ನಾನೇ" ಅನ್ನುತ್ತೇನೆ.

ಹೋದ ಚಳಿಗಾಲದಲ್ಲಿ ಅಕ್ಕ ಬಾಣಂತನಕ್ಕೆಂದು ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಪಕ್ಕದ ನಮ್ಮೂರಿಗೆ ಬಂದಿದ್ದಳು. ಮಗುವಿಗೆ ನೆಗಡಿಯಾಯಿತು. ಅಜ್ಜಿ ದಿನವೂ ನೀರು ಹಾಕಿದ ಮೇಲೆ ಮಗುವಿಗೆ ಸಾಂಬ್ರಾಣಿ ಹೊಗೆ ಕೊಡುತ್ತಿದ್ದಳು. ನೆಗಡಿ ಎಂದು ಅವತ್ತು ಕೆಂಡದ ಮೇಲೆ ಇನ್ನೊಂದು ಹಿಡಿ ಸುರಿದಳು.

"ಅದೇನು ಒಣಮೀನಾ ಅಜ್ಜಿ, ಸುಡಕ್ಕೆ?"

"ಸುಮ್ನಿರಲಾ. ಶೀತನೆಲ್ಲ ಹೊಗೆ ಹೀರ್ಕಂತದೆ. ನಿಂಗೂ ಹಿಂಗೇ ಹಾಕಿದ್ದೆ."

ಸಂಜೆಗೆ ಮಗು ಹಾಲು ಕುಡಿಯುವುದನ್ನು ಬಿಟ್ಟಿತು. ಪ್ರತಿ ಉಸಿರಿಗೂ ಪಕ್ಕೆ ಒಳಗೆ ಸೇದಿಕೊಳ್ಳುತ್ತಿತ್ತು. ಅಕ್ಕನನ್ನೂ ಮಗುವನ್ನೂ ಬೈಕಿನಲ್ಲಿ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿದರು. ನನಗೆ ಏನೂ ಅನ್ನಿಸಲಿಲ್ಲ. ಎದುರಿನ ಸ್ವಿಚ್ ಬೋರ್ಡ್ ನೋಡುತ್ತ ಕೂತಿದ್ದೆ. ನರ್ಸೊಬ್ಬರು ಚಪ್ಪಲಿ ಎಳೆದುಕೊಂಡು ನಡೆಯುವ ರೀತಿ ಅಣಕಿಸಲು ಹೇಳಿ ಮಾಡಿಸಿದಂತಿತ್ತು. ನಾನು ಸ್ವಿಚ್ಚುಗಳನ್ನೇ ಎಣಿಸುತ್ತಿದ್ದೆ.

ಮನೆಗೆ ಕಳಿಸುವ ದಿನ ಡಾಕ್ಟರು, ಇನ್ನು ಹೊಗೆ ಬೇಡವೇ ಬೇಡ ಎಂದರು. ಅಕ್ಕ ನನ್ನತ್ತ ಕೈ ತೋರಿಸಿದಳು.

"ಮುಂದೆ ಇವನ ಥರ ಆಗುತ್ತಾ ಡಾಕ್ಟ್ರೇ?"

ನಾನು ಅಂಗಡಿಯ ಗೊಂಬೆಯ ಹಾಗೆ ನೆಟ್ಟಗೆ ನಿಂತೆ.

"ನೆಗಡಿ ತರೋ ಈ ವೈರಸ್ ಎಳೇ ಮಕ್ಕಳ ಎದೆಗಿಳಿದ್ರೆ ಕೆಲವರಿಗೆ ಮುಂದೆ ಅಸ್ತಮಾ ಬರುತ್ತೆ. ಎಲ್ಲರಿಗೂ ಅಲ್ಲ. ಈಗ್ಲೇ ಹೇಳಕ್ಕಾಗಲ್ಲಮ್ಮ. ಉಸಿರಿನ ಕಡೆ ಗಮನ ಇರ್ಲಿ."

ಮನೆಯಲ್ಲಿ, ಡಾಕ್ಟರು ಹೇಳಿದ್ದು ಕೇಳಿದ ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. "ನಿಂಗೂ ಈ ಉಬ್ಸ ನಾನೇ ಏನ್ಲಾ ಮಾಡಿದ್ದು?"

"ಇಲ್ಲ ಕಣಜ್ಜಿ, ವೈರಸ್ಸು. ನೀನು ಬರೀ ಘಮಘಮ ಮಾಡಿದ್ದು."

ನಿಜ ಏನೋ ನನಗೂ ಗೊತ್ತಿರಲಿಲ್ಲ. ಅಜ್ಜಿ ನಗಲಿಲ್ಲ.

ಅಕ್ಕ ನಡುಮನೆಯಿಂದ ಕರೆದಳು. ಮಗು ಅವಳ ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು.

"ಲೋ, ನಿಂಗೆ ಉಬ್ಬಸ ಶುರುವಾಗೋವಾಗ ಸೌಂಡ್ ಹೆಂಗಿರುತ್ತೆ? ಮಾಡು. ನಾಟಕ ಬೇಡ, ಇರೋ ಹಂಗೇ ಮಾಡು. ನಂಗೆ ಗುರುತು ಸಿಗ್ಬೇಕು."

ಮಾಡಿದೆ. ಉಸಿರು ಬಿಡುವಾಗ ಕೊನೆಯಲ್ಲಿ ಸಣ್ಣದೊಂದು ಎಳೆತ, ಅಷ್ಟೇ. ಅವಳು ನನ್ನ ಬೆನ್ನಿಗೆ ಕಿವಿ ಇಟ್ಟಳು. ಆಮೇಲೆ ಮಗುವಿನ ಬೆನ್ನಿಗೆ.

"ಇನ್ನೊಂದ್ಸಲ."

ಮಾಡಿದೆ. ಅವಳ ಕಿವಿ ಮಗುವಿನ ಬೆನ್ನಿನಲ್ಲೇ ಇತ್ತು.

"ನಿಂದೋ ಮಗುದೋ ಗೊತ್ತಾಗ್ತಿಲ್ಲ ಕಣೋ," ಎಂದಳು. "ಮಾಡ್ತಾ ಇರು."