ಬರ್ತೀನಿ ಅನ್ನದ ದನಿ

ಅನಸೂಯಾಗೆ ಸಿಟ್ಟು ಮೂಗಿನ ತುದಿಯಲ್ಲೇ. ಇದನ್ನು ಬೇರೆಯವರು ಹೇಳಬೇಕಿಲ್ಲ, ಅವಳೇ ಒಪ್ಪಿಕೊಳ್ಳುತ್ತಾಳೆ. ವಿಶಾಖಪಟ್ಟಣದ ನೌಕಾಪಡೆ ವಸತಿಯಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ತರಕಾರಿಯ ಬಾಬ್ಜಿಯ ಜೊತೆ ತೆಲುಗಿನಲ್ಲಿ ಶುರುವಾಗುವ ಜಗಳ ಕಾವೇರಿದ ಮೇಲೆ ಅರಸೀಕೆರೆಯ ಕನ್ನಡಕ್ಕೆ ಇಳಿಯುತ್ತದೆ. ಪಾಪ, ಒಂದಕ್ಷರ ಅರ್ಥವಾಗದಿದ್ದರೂ ಅವನು ಕೊಳೆತ ಬದನೆಕಾಯನ್ನು ತಾನೇ ಆರಿಸಿ ತೆಗೆದುಬಿಡುತ್ತಾನೆ.

ಇಂಥ ಗಟ್ಟಿಗಿತ್ತಿ ಹೆದರುತ್ತಿದ್ದುದು ಅತ್ತೆ ಪುಟ್ಟಮ್ಮನಿಗೆ ಮಾತ್ರ. ಪುಟ್ಟಮ್ಮನ ಹಿರಿಮಗ, ಅಂದರೆ ಅನಸೂಯಾಳ ಗಂಡ ಚಂದ್ರಮೌಳಿ, ನೌಕಾಪಡೆ ಸೇರಲು ಊರಿನಿಂದ ಹೊರಟ ದಿನ ಬಾಯಿ ತಪ್ಪಿ "ಹೋಗ್ತೀನಮ್ಮ" ಅಂದುಬಿಟ್ಟನಂತೆ. ಪುಟ್ಟಮ್ಮ ಅವನನ್ನು ಬಸ್ ಸ್ಟ್ಯಾಂಡಿನಿಂದ ವಾಪಸ್ ಕರೆಸಿದಳು. ಜಗುಲಿಯ ಮೇಲೆ ಕೂರಿಸಿ, ನೀರು ಕುಡಿಸಿ, "ಹೋಗೋದೇನ್ಲಾ ಹೋಗೋದು? ಬರ್ತೀನಿ ಅಂತ ಬಾಯಿಬಿಟ್ಟು ಹೇಳು" ಎಂದು ಗದರಿ ಮತ್ತೆ ಕಳಿಸಿದಳು. ಆ ಗಡಿಬಿಡಿಯಲ್ಲಿ ಬಸ್ಸೂ ತಪ್ಪಿತು, ರೈಲೂ ತಪ್ಪಿತು. ಆವತ್ತಿನಿಂದ ಆ ಮನುಷ್ಯನ ಬಾಯಲ್ಲಿ 'ಹೋಗ್ತೀನಿ' ಬಂದದ್ದೇ ಇಲ್ಲ. ಸ್ನಾನಕ್ಕೆ ಎದ್ದರೂ "ಸ್ನಾನ ಮಾಡ್ಕೊಂಡು ಬರ್ತೀನಿ" ಅಂತಲೇ ಹೇಳಿ ಏಳುತ್ತಿದ್ದ.

ಚಂದ್ರಮೌಳಿ ಹಡಗಿನ ರೇಡಾರ್ ಕೋಣೆಯಲ್ಲಿ ಚೀಫ್ ಪೆಟಿ ಆಫೀಸರ್. ಮದುವೆಯಾದ ಹೊಸತರಲ್ಲಿ ಅವನ ಹಡಗು ಯಾವಾಗ ಹೊರಡುತ್ತದೆ, ಯಾವಾಗ ಬರುತ್ತದೆ ಎಂಬುದು ಹಾಲು ಹಾಕುವವನಿಗೂ ಗೊತ್ತಿರುತ್ತಿತ್ತು. ಈಗ ಕಾಲ ಹಾಗಿಲ್ಲ. ಸಮುದ್ರದಲ್ಲಿ ಚೀನಾದ ಸಂಶೋಧನಾ ಹಡಗುಗಳು ಅಡ್ಡಾಡುತ್ತವೆ, ಅವುಗಳ ಹಿಂದೆ ನಮ್ಮವು, ದೂರದಲ್ಲಿ ಅಮೆರಿಕದವು. ಹೊಸ ಹಡಗು ಬಂತು, ಹೊಸ ರೇಡಾರ್ ಬಂತು, ಅದನ್ನು ಕಲಿಯುವ ಕೋರ್ಸುಗಳು ಬಂದವು. ಗಂಡ ಮಾತ್ರ ಮನೆಯಲ್ಲಿ ಇರುವುದೇ ಅಪರೂಪವಾಯಿತು. ಇದ್ದಾಗಲೂ ಕೆಲಸದ ಮಾತೆತ್ತಿದರೆ ಮೇಲೆ ತಿರುಗುವ ಫ್ಯಾನನ್ನು ನೋಡುತ್ತಾ ಕೂರುತ್ತಿದ್ದ.

ಒಂದು ದಿನ ನಾವಿಕರ ಮನೆಯವರನ್ನೆಲ್ಲ ಸಭಾಂಗಣಕ್ಕೆ ಕರೆಸಿ ಒಬ್ಬ ಅಧಿಕಾರಿ ಪಾಠ ಮಾಡಿದರು. ಈಗಿನ ಯುದ್ಧ ಅಡುಗೆಮನೆಗೇ ಬರುತ್ತದೆ ಅಂದರು. ನಿಮ್ಮ ಗಂಡನ ದನಿಯ ಚೂರು ಸಿಕ್ಕರೆ ಸಾಕು, ಯಂತ್ರ ಅದೇ ದನಿಯಲ್ಲಿ, ನಿಮ್ಮದೇ ಭಾಷೆಯಲ್ಲಿ ಮಾತಾಡುತ್ತದೆ. ನಂಬರು ವಿಚಿತ್ರವಾಗಿದ್ದರೆ, ಮಾತು ತಡವಾಗಿ ಬಂದರೆ, 'ಎಲ್ಲಿದ್ದೀಯ' ಎಂದು ಕೇಳಿದರೆ ಹುಷಾರು. ಮನೆಮನೆಯಲ್ಲೂ ಒಂದು ಗುರುತಿನ ಮಾತು ಇಟ್ಟುಕೊಳ್ಳಿ.

"ನಮಗ್ಯಾಕೆ ಹೊಸದು? ಅಮ್ಮ ಆಗಲೇ ಕೊಟ್ಟವ್ರಲ್ಲ" ಎಂದು ಚಂದ್ರಮೌಳಿ ಮನೆಗೆ ಬಂದು ನಕ್ಕ. "ಫೋನಿಡೋವಾಗ ಬರ್ತೀನಿ ಅಂದ್ರೆ ನಾನು. ಹೋಗ್ತೀನಿ ಅಂದ್ರೆ ಯಾವನೋ ಕಳ್ಳ ನನ್ಮಗ."

ಎದುರುಮನೆಯ ಹೇಮಾಕ್ಷಿ ಪಾಠವನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಡನದೇ ದನಿಯಲ್ಲಿ ಯಾರೋ ಕೇಳಿದರೆಂದು ಹಡಗು ಯಾವಾಗ ಬಂದರಿಗೆ ಬರುತ್ತದೆ ಎಂಬುದನ್ನು ಹೇಳಿಬಿಟ್ಟಳು. ವಿಚಾರಣೆಯಾಯಿತು. ಅವಳ ಗಂಡನನ್ನು ಹಡಗಿನಿಂದ ಇಳಿಸಿ ದಾಸ್ತಾನು ಕೋಣೆಗೆ ಹಾಕಿದರು. ಹೇಮಾಕ್ಷಿ ಈಗ ಬಾಲ್ಕನಿಗೂ ಬರುವುದಿಲ್ಲ. ಅನಸೂಯಾಗೆ ನಿಜವಾಗಿಯೂ ಭಯ ಹತ್ತಿಕೊಂಡಿತು. ಬೇರೆ ಯಾರ ಮನೆ ಹಾಳಾದರೂ ತನ್ನ ಬಾಯಿಂದ ತನ್ನ ಮನೆ ಹಾಳಾಗಬಾರದು ಎಂದು ತೀರ್ಮಾನಿಸಿಕೊಂಡಳು.

ಅದಾದ ಸ್ವಲ್ಪ ದಿನಕ್ಕೆ ಚಂದ್ರಮೌಳಿಯ ಹಡಗು ಹೊರಟಿತು. ಎಲ್ಲಿಗೆ, ಎಷ್ಟು ದಿನ, ಕೇಳುವ ಹಾಗಿಲ್ಲ. ಪುಟ್ಟಮ್ಮ ಆಗ ಕಿರಿಮಗ ಗಿರೀಶನ ಮನೆಯಲ್ಲಿದ್ದಳು. ಗಿರೀಶ್ ಬ್ಯಾಂಕಿನ ಅಧಿಕಾರಿ, ವಿಜಯವಾಡಕ್ಕೆ ವರ್ಗವಾಗಿ ಇಬ್ರಾಹಿಂಪಟ್ನಂನಲ್ಲಿ ಮನೆ ಮಾಡಿದ್ದ. "ಬಟ್ಟೆ ಒಣಗಾಕಿದ್ರೆ ಆ ಕರೆಂಟ್ ತಯಾರಿಸೋ ಫ್ಯಾಕ್ಟ್ರಿ ಚಿಮಣಿ ಬೂದಿ ಕೂರ್ತದೆ, ನಂಗೆ ನಿನ್ನ ಸಮುದ್ರಾನೇ ವಾಸಿ, ಕರ್ಕೊಂಡೋಗೇ" ಎಂದು ಪುಟ್ಟಮ್ಮ ಸೊಸೆಗೆ ಫೋನಿನಲ್ಲಿ ದೂರುತ್ತಿದ್ದಳು. ಮುಂದಿನ ತಿಂಗಳು ಬರುತ್ತೇನೆ ಅತ್ತೆ, ಎಂದು ಇವಳು ಮುಂದೂಡುತ್ತಿದ್ದಳು.

ಒಂದು ಬೆಳಿಗ್ಗೆ ಗಿರೀಶ್ ಫೋನು ಮಾಡಿದ. "ಅತ್ತಿಗೆ, ಅಮ್ಮಂಗೆ ಸ್ವಲ್ಪ ಸೀರಿಯಸ್ಸು. ಅರ್ಪಿತಾನ ಕರ್ಕೊಂಡು ಹೊರಡಿ. ಅಣ್ಣಂಗೆ ವಿಷಯ ಮುಟ್ಟಿಸೋಕೆ ನೌಕಾನೆಲೆಗೆ ಹೇಳಿದೀನಿ."

ಕಾಲೇಜಿಗೆ ಹೊರಟಿದ್ದ ಮಗಳು ಅರ್ಪಿತಾಳನ್ನು ಎಳೆದುಕೊಂಡು ಅನಸೂಯಾ ಮಧ್ಯಾಹ್ನದ ರತ್ನಾಚಲ್ ರೈಲು ಹತ್ತಿದಳು. ತುನಿ ದಾಟುವಾಗ ಫೋನು ಬಡಿದುಕೊಂಡಿತು. ನಮ್ಮ ದೇಶದ್ದೇ ಅಲ್ಲದ ನಂಬರು.

"ಅನೂ... ನಾನು."

ಕೊಡದೊಳಗಿನಿಂದ ಮಾತಾಡಿದಂತಹ ದನಿ. ಅನಸೂಯಾಳ ಬೆನ್ನು ನೆಟ್ಟಗಾಯಿತು. "ಯಾರು?"

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, "ನಾನು ಕಣೇ, ಮೌಳಿ. ಎಲ್ಲಿದೀಯ? ಅಮ್ಮನ ಹತ್ರನೇ ಇದೀಯಾ?"

ನೋಡಿದಿರಾ! ಬಾಯಿಪಾಠ ಮಾಡಿಸಿದಂತೆ ಒಂದೊಂದೂ ಬರುತ್ತಿದೆ. ನಂಬರು ವಿಚಿತ್ರ, ಮಾತು ತಡ, ಮೊದಲ ಪ್ರಶ್ನೆಯೇ ಎಲ್ಲಿದೀಯ. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದು ಮುಂದಿನ ಮಾತಿಗೆ ಕಾದಳು.

"ಅನೂ, ಫೋನು ಒಂದ್ಸಲ ಅಮ್ಮನ ಕಿವಿ ಹತ್ರ ಹಿಡಿ. ಅವ್ರಿಗೆ ಕೇಳಿಸ್ದಿದ್ರೂ ಪರವಾಗಿಲ್ಲ."

ಕೇಳಿಸದಿದ್ದರೆ? ಪಕ್ಕದ ಕೋಣೆಯ ಪಿಸುಮಾತೂ ಬಿಡದ ಕಿವಿ ಪುಟ್ಟಮ್ಮನದು. ಹೆತ್ತಮಗನಿಗೆ ಅದು ಗೊತ್ತಿಲ್ಲವೇ? ಅವಳಿಗೆ ಸಂಶಯ ಗಟ್ಟಿಯಾಯಿತು. ಅರ್ಪಿತಾ ಫೋನಿಗೆ ಕಿವಿ ತಂದು, ಅಪ್ಪನ ದನಿ ಗುರುತಿಸಿ, ತನ್ನ ಅರ್ಧ ತೆಲುಗಿನಲ್ಲಿ, "ಅಮ್ಮಾ, ನಾನ್ನ ವಾಯ್ಸೇ ಕದಾ ಅದು? ಯಾಕೆ ಮಾತಾಡ್ತಿಲ್ಲ?" ಎಂದಳು. ಅನಸೂಯಾ ಸುಮ್ಮನಿರು ಎಂದು ಕಣ್ಣು ಬಿಟ್ಟಳು.

"ಏನಾರ ಮಾತಾಡೇ... ಸರಿ ಬಿಡು. ಟೈಮಾಯ್ತು ಅಂತವ್ರೆ. ಗಿರಿಗೆ ಧೈರ್ಯ ಹೇಳು." ಆ ದನಿ ಒಂದು ಕ್ಷಣ ತಡವರಿಸಿತು. "ಹೋಗ್ತೀನಿ ಕಣೇ."

ಸಿಕ್ಕಿಬಿದ್ದ ಕಳ್ಳ! ಅನಸೂಯಾ ಬೋಗಿಯೆಲ್ಲ ತಿರುಗಿ ನೋಡುವಂತೆ ಗುಡುಗಿದಳು. "ಯಾವ ದೇಶದೋನಲೇ ನೀನು? ನಮ್ಮತ್ತೆ ಕಲ್ಲುಗುಂಡಿನಂಗೆ ಕೂತು ಗಂಜಿ ಕುಡೀತಾ ಅವ್ರೆ, ನಾನು ಪಕ್ಕದಲ್ಲೇ ಇದೀನಿ, ಬರ್ಕೋ ಹೋಗು! ನಿನ್ನ ಯಂತ್ರಕ್ಕೆ ಬೆಂಕಿ ಬೀಳ!"

"ಗಂಜಿ...? ಅನೂ, ಏನಂದೆ? ಅಮ್ಮ..."

ಅವಳು ಕಡಿದು, ನಂಬರನ್ನು ಬ್ಲಾಕ್ ಮಾಡಿದಳು. ಗೋದಾವರಿ ಸೇತುವೆಯ ಮೇಲೆ ರೈಲು ಸದ್ದು ಮಾಡುತ್ತಾ ಹೋಗುವಾಗ ಅವಳ ಎದೆಯಲ್ಲಿ ಹೆಮ್ಮೆಯೇ ಇತ್ತು. ಗಂಡ ಬಂದಾಗ ಹೇಳಬೇಕು, ಅತ್ತೆಗೆ ಇವತ್ತೇ ಹೇಳಬೇಕು, ನೀವು ಕೊಟ್ಟ ಮಾತು ಹಡಗನ್ನೇ ಉಳಿಸಿತು ಅಂತ. ಕೇಳಿದರೆ ಆ ಮುದುಕಿ ಹಾಸಿಗೆಯಿಂದ ಎದ್ದು ಕೂತಾಳು ಎಂದುಕೊಂಡಳು.

ಇಬ್ರಾಹಿಂಪಟ್ನಂನಲ್ಲಿ ಆಟೋ ಇಳಿದಾಗ ಗಿರೀಶನ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಹೊಸ್ತಿಲ ಪಕ್ಕ ಸೌದೆಯ ಹೊಗೆ. ಬ್ಯಾಂಕಿನ ಗುಮಾಸ್ತ ಉದಯ್, ತುಮಕೂರಿನ ಹುಡುಗ, ಮೆಟ್ಟಿಲಿಳಿಯುತ್ತಾ ಗಿರೀಶನ ಕೈ ಹಿಡಿದು ತಗ್ಗಿದ ದನಿಯಲ್ಲಿ, "ಹೋಗ್ತೀನಿ ಸಾರ್" ಎಂದ.

ಅನಸೂಯಾ ಅಲ್ಲೇ ನಿಂತುಬಿಟ್ಟಳು. ಸಾವಿನ ಮನೆಯಿಂದ ಹೊರಡುವವರು ಬರ್ತೀನಿ ಅನ್ನುವುದಿಲ್ಲ. ಇದನ್ನು ಅವಳಿಗೆ ಕಲಿಸಿದವಳೂ ಪುಟ್ಟಮ್ಮನೇ. ಯಾರದೋ ಮನೆಯಲ್ಲಿ ಬಾಯಿ ತಪ್ಪಿ ಬರ್ತೀನಿ ಅಂದದ್ದಕ್ಕೆ ದಾರಿಯುದ್ದಕ್ಕೂ ಅತ್ತೆಯಿಂದ ಬೈಸಿಕೊಂಡಿದ್ದಳು.

"ದಾರೀಲಿ ನಿಮ್ಮ ಕೈಕಾಲು ಆಡಲ್ಲ ಅಂತ ಸೀರಿಯಸ್ಸು ಅಂದೆ ಅತ್ತಿಗೆ" ಎಂದು ಗಿರೀಶ್ ಅಳತೊಡಗಿದ. "ನಾನು ಫೋನ್ ಮಾಡೋ ಹೊತ್ತಿಗೇ ಅಮ್ಮ ಹೋಗಿದ್ರು. ಅಣ್ಣಂಗೆ ತಿಳಿಸಿದಾರಂತೆ. ಹಡಗಿಂದ ಮಾತಾಡಿಸ್ತೀವಿ ಅಂದಿದ್ರು. ಮಾಡಿದ್ನಾ?"

ಅರ್ಪಿತಾ ತಾಯಿಯ ಕೈಯಿಂದ ಫೋನು ಕಿತ್ತುಕೊಂಡು ಬ್ಲಾಕ್ ತೆಗೆದಳು, ಮತ್ತೆ ಮತ್ತೆ ಒತ್ತಿದಳು. ಅದು ಹಡಗಿನ ಉಪಗ್ರಹ ಫೋನು, ಆ ಕಡೆಯಿಂದ ಬರಬೇಕೇ ಹೊರತು ಈ ಕಡೆಯಿಂದ ಹೋಗದು. ಗಿರೀಶ್ ನೌಕಾನೆಲೆಗೆ ಮತ್ತೆ ಹೇಳಿದ. ತಿಳಿಸುತ್ತೇವೆ ಅಂದರು. ಅನಸೂಯಾ ಅತ್ತೆಯ ಪಾದದ ಬಳಿ ಕೂತು, "ಗಿರೀಶಂಗೆ ಮಾಡಿ ಅಂತಾನೂ ಅನ್ನದೆ, ನಿಮ್ಮ ಮಗನ ದನಿ ನಿಮ್ಮ ಕಿವೀಗೆ ಬೀಳದಂಗೆ ಮಾಡ್ಬಿಟ್ಟೆ, ನನ್ನ ಬಾಯಿಗಿಷ್ಟು ಮಣ್ಣು ಬೀಳ" ಎಂದು ತಲೆ ಚಚ್ಚಿಕೊಂಡಳು.

ಮೂರನೇ ದಿನ ಹಾಲು-ತುಪ್ಪ ಬಿಟ್ಟು, ವಿಜಯವಾಡದ ಇಂದ್ರಕೀಲಾದ್ರಿ ಬೆಟ್ಟದ ಕೆಳಗಿನ ಸ್ನಾನಘಟ್ಟದಲ್ಲಿ ಬೂದಿಯನ್ನು ಕೃಷ್ಣೆಗೆ ಹಾಕಿದರು. ಒದ್ದೆ ಸೆರಗು ಹಿಂಡುತ್ತಾ ಅನಸೂಯಾ ಮೆಟ್ಟಿಲು ಹತ್ತುವಾಗ ಫೋನು ಬಂತು. ಅದೇ ನಂಬರು.

"ಅನೂ! ಅಮ್ಮ ಹೆಂಗವ್ರೆ? ಗಂಜಿ ಸೇರ್ತಾ ಇದೆಯಾ?" ದನಿ ಖುಷಿಯಲ್ಲಿ ತೇಲುತ್ತಿತ್ತು. "ನೀನು ಅವತ್ತು ಬೈದೆ ನೋಡು, ಹೋದ ಜೀವ ಬಂತು ನಂಗೆ. ಸಾಹೇಬ್ರು ಮತ್ತೆ ಕರೆದು, ಇಲ್ಲಪ್ಪ, ನಿಮ್ಮಮ್ಮ ಹೋದ್ರು ಅನ್ನೋ ಸಂದೇಶ ಸರಿಯಾಗೇ ಇದೆ ಅಂದ್ರು. ನಾನು ಒಪ್ಪಲಿಲ್ಲ. ಈಗ ಸಂದೇಶಕ್ಕೂ ಕನ್ನ ಹಾಕ್ತಾರೆ ಸಾರ್, ನನ್ನ ಹೆಂಡ್ತಿನೇ ಹೇಳವ್ಳೆ, ನಮ್ಮಮ್ಮ ಗಟ್ಟಿಯಾಗವ್ರೆ ಅಂದೆ. ಹುಡುಗ್ರಿಗೆಲ್ಲ ಪಾಯಸ ಮಾಡಿಸ್ದೆ ಕಣೇ."

ಅನಸೂಯಾ ಮೆಟ್ಟಿಲ ಮೇಲೆ ಕೂತಳು. "ಏನ್ರೀ... ಅತ್ತೆ ಇಲ್ಲ ಕಣ್ರೀ. ಅವತ್ತು ನಿಮ್ಮನ್ನ ಇನ್ಯಾರೋ ಅಂದ್ಕೊಂಡು ಸುಳ್ಳು ಹೇಳ್ಬಿಟ್ಟೆ. ಈಗ ಬೂದಿ ಬಿಟ್ಟು ಬರ್ತಾ ಇದೀವಿ." ಅಷ್ಟರಲ್ಲಿ ಅಳು ನುಗ್ಗಿ ಬಂತು.

ಮಾತು ಅಷ್ಟು ದೂರ ಹೋಗಿ ಉತ್ತರ ಬರಲು ಹೊತ್ತು ಹಿಡಿಯಿತು. ಬಂದಾಗ ದನಿ ತಣ್ಣಗಿತ್ತು.

"ಯಾರು ನೀನು?"

"ರೀ! ನಾನು, ಅನು!"

"ನಮ್ಮ ಅನು ಅವತ್ತು ಬೈದ್ಲು. ಹಂಗೆ ಬೈಯೋಕೆ ಯಾವ ಯಂತ್ರಕ್ಕೂ ಬರಲ್ಲ. ನೀನು ಅಳ್ತಾ ಇದೀಯ. ನನ್ನ ಹೆಂಡ್ತಿ ಅಳೋಳಲ್ಲ. ಯಾರು ನೀನು, ಎಲ್ಲಿಂದ ಮಾತಾಡ್ತಿದೀಯ?"

ಮಗಳ ಹೆಸರು ಹೇಳಲೇ, ಮದುವೆಯ ದಿನ ಹೇಳಲೇ? ಅವೆಲ್ಲ ಕದಿಯಬಹುದಾದವು, ಪಾಠದಲ್ಲಿ ಹೇಳಿದ್ದರು. ಬೈದುಬಿಡೋಣ ಎಂದರೆ ಬಾಯಿಗೆ ಒಂದು ಬೈಗುಳವೂ ಬರಲಿಲ್ಲ. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು, ಸಾವಿನ ಮನೆಗೆಂದು ಪುಟ್ಟಮ್ಮ ಕಲಿಸಿದ್ದ, ತಾನು ಅವನಿಗೆ ಯಾವತ್ತೂ ಹೇಳದಿದ್ದ ಮಾತನ್ನು ಮೆಲ್ಲಗೆ ಹೇಳಿದಳು.

"ಸರಿ ಕಣ್ರೀ. ನಾನು ಹೋಗ್ತೀನಿ."

ಮತ್ತೆ ಅದೇ ತಡ. ಆಮೇಲೆ ಆ ಕಡೆಯಿಂದ ಮೊದಲ ಬಿಕ್ಕು ಕೇಳಿಸಿತು, ಅದರ ಹಿಂದೆ "ಅಮ್ಮಾ" ಎಂಬ ಕೂಗು. ಅರ್ಪಿತಾ ಫೋನಿಗೆ ಕೈ ಚಾಚಿದಳು. ಅನಸೂಯಾ ಕೊಡಲಿಲ್ಲ, ಲೈನು ಕಡಿಯುವವರೆಗೂ ಹಾಗೇ ಕೇಳುತ್ತಾ ಕೂತಳು.